ಗೋಕರ್ಣದ ಬೀಚ್ ಶ್ಯಾಕ್‌ಗಳನ್ನೆಲ್ಲ ತೆಗೆಸಬೇಕಾ?

ಗೋಕರ್ಣದ ಕುಡ್ಲೆ ದಂಡೆಯಲ್ಲಿ ನಿಮ್ಮ ಮಾವನ ಶ್ಯಾಕ್ (ಪ್ರವಾಸಿಗರಿಗೆ ಹಾಕುವ ಗುಡಿಸಲು) ಇದೆ, ಪರಿಸರಕ್ಕಾಗಿ ಇಂಥವನ್ನೆಲ್ಲ ತೆಗೆಸಬೇಕು ಅಂತ ಕೆಲವರು ಹೇಳ್ತಾರೆ, ಅದು ಸರಿಯಾ ಅಂತ ಕೇಳಿದ್ದೀರಿ. ಇದೇ ವಿಷಯಕ್ಕೆ ನಾನು ಅಪ್ಪನ ಜೊತೆ ವರ್ಷಗಟ್ಟಲೆ ಜಗಳ ಆಡಿದ್ದೇನೆ.

ಅಪ್ಪ ಹಾಕುತ್ತಿದ್ದದ್ದು ಬಿದಿರು, ಅಡಿಕೆ ದಬ್ಬೆ, ತೆಂಗಿನ ಮಡ್ಲಿನ ತಟ್ಟಿಯ ಗುಡಿಸಲು. ಅಕ್ಟೋಬರ್‌ನಲ್ಲಿ ಕಟ್ಟೋದು, ಮೇ ಕೊನೆಗೆ ಬಿಚ್ಚಿ ಮನೆಗೆ ಸಾಗಿಸೋದು. ನನ್ನ ಕೈಗೆ ಬಂದಾಗ ಆ ಕೂಲಿ ಸುಮ್ನೆ ದಂಡ ಅನ್ನಿಸಿತು. ಸಾಲ ಮಾಡಿ ಸಿಮೆಂಟ್ ಕೋಣೆ ಕಟ್ಟಿಸಿದೆ.

ಅದಕ್ಕಿಂತ ದೊಡ್ಡ ತಪ್ಪು ಎದುರಿಗಿದ್ದ ಹೊಯ್ಗೆ (ಮರಳು) ದಿಬ್ಬ ತೆಗೆಸಿದ್ದು. ಆಳೆತ್ತರವೂ ಇರಲಿಲ್ಲ. ಮೇಲೆ ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬಿತ್ತು. ಕೂತವರಿಗೆ ಸಮುದ್ರ ಕಾಣಲಿ ಅಂತ ಬಳ್ಳಿ ಕೀಳಿಸಿ, ನೆಲ ಸಮ ಮಾಡಿಸಿ ಕುರ್ಚಿ ಹಾಕಿದೆ. ಆ ಬಳ್ಳಿ ಗಂಟುಗಂಟಿಗೂ ಬೇರು ಬಿಡುತ್ತದೆ. ಗಾಳಿಗೆ ಹಾರಿ ಬಂದ ಹೊಯ್ಗೆ ಅದರ ಬುಡದಲ್ಲಿ ನಿಲ್ಲುತ್ತದೆ, ಬಳ್ಳಿ ಮತ್ತೆ ಮೇಲೆ ಚಿಗುರುತ್ತದೆ. ದಿಬ್ಬ ಬೆಳೆಯೋದೇ ಹಾಗೆ. ಜೂನ್‌ನಲ್ಲಿ ತೆರೆ ಏರಿದಾಗ ಮೊದಲು ಕೊರೆಯೋದು ಆ ದಿಬ್ಬವನ್ನು. ಕೊರೆದ ಹೊಯ್ಗೆ ದಂಡೆಯೆದುರು ನೀರಡಿ ಕೂತು ತೆರೆಯ ಜೋರು ತಗ್ಗಿಸುತ್ತದೆ, ಮಳೆಗಾಲ ಕಳೆದ ಮೇಲೆ ಮೆಲ್ಲಗೆ ವಾಪಸ್ ಬರುತ್ತದೆ. ನಮ್ಮೆದುರು ದಿಬ್ಬವೇ ಇಲ್ಲ. ತೆರೆ ಸೀದಾ ಕೋಣೆಯ ಅಡಿಪಾಯಕ್ಕೆ ಬಡಿಯಿತು. ಗೋಡೆಗೆ ಬಡಿದು ಹಿಂದೆ ಸರಿಯುವ ನೀರು ಬುಡದ ಹೊಯ್ಗೆಯನ್ನು ಇನ್ನೂ ಜಾಸ್ತಿ ಎಳೆದುಕೊಂಡು ಹೋಗುತ್ತದೆ. ನೆಲ ಸೀಳಿತು, ಟಾಯ್ಲೆಟ್ ಗುಂಡಿಯ ರಿಂಗು ಹೊರಬಂತು, ಒಳಗಿದ್ದದ್ದೆಲ್ಲ ದಂಡೆಗೆ ಹರಿಯಿತು. ಸಾಲ ತೀರಿಸೋಕೆ ತೋಟದ ಒಂದು ಭಾಗ ಮಾರಬೇಕಾಯಿತು.

ಹಾಗಾಗಿ ತೆಗೆಯಬೇಕಾ ಬಿಡಬೇಕಾ ಅನ್ನೋ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮಡ್ಲಿನ ಗುಡಿಸಲು, ಕಾಂಕ್ರೀಟ್ ರೂಮು ಎರಡೂ ಒಂದೇನಾ? 2019ರ ಸಿಆರ್‌ಝೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯೂ ಹಳ್ಳಿ ಕಡೆಯ ದಂಡೆಯಲ್ಲಿ ತಾತ್ಕಾಲಿಕ ಶ್ಯಾಕ್‌ಗೆ ಅವಕಾಶ ಕೊಡುತ್ತದೆ. ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಡಬೇಕು, ಅನುಮೋದನೆಯಾದ ಕರಾವಳಿ ನಿರ್ವಹಣಾ ಯೋಜನೆಯಲ್ಲೂ ಅದು ಇರಬೇಕು. ನನ್ನ ಕೇಳಿದರೆ 10 ಮೀಟರ್ ಸಾಲದು, ದಿಬ್ಬದ ಹಿಂದೆಯೇ ಕಟ್ಟಬೇಕು. ದಿಬ್ಬದ ಮೇಲಿನ ಕಾಂಕ್ರೀಟ್ ಯಾರದ್ದೇ ಆಗಲಿ ಹೋಗಬೇಕು, ದೊಡ್ಡ ರೆಸಾರ್ಟಿನವರದ್ದು ಮೊದಲು.

ದೀಪವೂ ಅಷ್ಟೇ ಮುಖ್ಯ. ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಕರಾವಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡೋಕೆ ಬರುತ್ತವೆ. ಪ್ರವಾಸಿಗರ ಸೀಸನ್ನೂ ಅದೇ ಅಲ್ವಾ? ಮರಿಗಳು ಬೆಳಕು ಕಂಡ ಕಡೆ ಹರಿದು ಹೋಗುತ್ತವೆ, ಎಷ್ಟೋ ಮರಿಗಳು ಸಮುದ್ರ ಸೇರುವುದೇ ಇಲ್ಲ.

ಮಾವನಿಗೆ ಹೇಳಿ, ಮೇ ಮುಗಿಯೋದರೊಳಗೆ ಪೂರ್ತಿ ಬಿಚ್ಚೋಕೆ ಆಗುವ ಹಾಗೆ ಕಟ್ಟಲಿ. ಟಾಯ್ಲೆಟ್ ಹಿಂದಿನ ಗಟ್ಟಿ ನೆಲದಲ್ಲಿರಲಿ. ಸಮುದ್ರದ ಕಡೆಗೆ ಲೈಟ್ ಬೇಡ. ಈಗಾಗಲೇ ಸಿಮೆಂಟ್ ಹಾಕಿದ್ದರೆ ನೋಟಿಸಿಗೆ ಕಾಯದೆ ಅವರೇ ಒಡೆಸಲಿ, ಬರುವ ಮಳೆಗಾಲಕ್ಕೆ ಮೊದಲೇ.