ಮಾನಿಟರ್ ಸಿಗುತ್ತದೆ, ಡಿಸ್ಕ್ ಸಿಗುತ್ತಿಲ್ಲ

ಪ್ರಶ್ನೆ: ನಮ್ಮಲ್ಲಿ ಐದು ಸರ್ವರ್‌ಗಳ ಸೆಫ್ ಕ್ಲಸ್ಟರ್ (ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ಸ್ಟೋರೇಜ್ ಆಗಿ ಕೂಡಿಸುವ ವ್ಯವಸ್ಥೆ) ಇದೆ, ಮೂರರಲ್ಲಿ ಮಾನಿಟರ್ (ಕ್ಲಸ್ಟರ್‌ನ ಸ್ಥಿತಿಯ ಲೆಕ್ಕ ಇಡುವ ಪ್ರೋಗ್ರಾಂ). ಪಬ್ಲಿಕ್ ನೆಟ್‌ವರ್ಕ್ 10.20.0.0/24, ಕ್ಲಸ್ಟರ್ ನೆಟ್‌ವರ್ಕ್ 10.30.0.0/24. ಈಗ ಫೈರ್‌ವಾಲ್ ಆಚೆಗಿರುವ 10.40.0.0/24ರ ಯಂತ್ರಗಳಿಗೂ ಸ್ಟೋರೇಜ್ ಕೊಡಬೇಕು. ಅಲ್ಲಿಂದ ‘ಸೆಫ್ ಸ್ಟೇಟಸ್’ ಕೊಟ್ಟರೆ ಹೆಲ್ತ್ ಓಕೆ ಬರುತ್ತದೆ. ಆರ್‌ಬಿಡಿ ಇಮೇಜ್ (ಸೆಫ್ ಕೊಡುವ ವರ್ಚುವಲ್ ಡಿಸ್ಕ್) ಮ್ಯಾಪ್ ಮಾಡಹೋದರೆ ಟರ್ಮಿನಲ್ ಅಲ್ಲೇ ನಿಂತುಬಿಡುತ್ತದೆ. 10.30ಕ್ಕೂ ರೂಟ್ ಹಾಕಬೇಕೇ?

ಉತ್ತರ: ಬೇಡ. 10.30 ಇರುವುದು ಓಎಸ್‌ಡಿಗಳು (ಡಿಸ್ಕಿನಲ್ಲಿ ಡೇಟಾ ಇಟ್ಟು ಕೊಡುವ ಪ್ರೋಗ್ರಾಂಗಳು) ತಮ್ಮತಮ್ಮಲ್ಲಿ ಡೇಟಾದ ಪ್ರತಿ ಮಾಡಿಕೊಳ್ಳಲು. ಕ್ಲೈಂಟ್‌ಗೆ, ಅಂದರೆ ಸ್ಟೋರೇಜ್ ಬಳಸುವ ನಿಮ್ಮ 10.40ರ ಯಂತ್ರಕ್ಕೆ, ಅಲ್ಲಿ ಕೆಲಸವಿಲ್ಲ.

ಸ್ಟೇಟಸ್ ಬಂತೆಂದು ನೆಟ್‌ವರ್ಕ್ ಸರಿಯಿದೆ ಅಂದುಕೊಳ್ಳಬೇಡಿ. ಅದಕ್ಕೆ ಮೂರರಲ್ಲಿ ಒಂದು ಮಾನಿಟರ್ ಸಿಕ್ಕರೂ ಸಾಕು. ಡೇಟಾ ಮಾತ್ರ ಮಾನಿಟರ್ ಮೂಲಕ ಹಾಯುವುದೇ ಇಲ್ಲ: ಯಾವ ತುಂಡು ಯಾವ ಓಎಸ್‌ಡಿಯಲ್ಲಿದೆ ಎಂದು ಕ್ಲೈಂಟೇ ಲೆಕ್ಕಹಾಕಿ ನೇರ ಅಲ್ಲಿಗೇ ಹೋಗುತ್ತದೆ. ಇಮೇಜ್ 4 ಎಂಬಿ ತುಂಡುಗಳಾಗಿ ಐದೂ ಸರ್ವರ್‌ಗಳಲ್ಲಿ ಹರಡಿರುತ್ತದೆ. ಒಂದೇ ಒಂದು ಸರ್ವರ್ ಸಿಗದಿದ್ದರೂ ಅದರ ಪಾಲಿನ ತುಂಡಿಗಾಗಿ ಕ್ಲೈಂಟ್ ಕಾಯುತ್ತಾ ಕೂರುತ್ತದೆ.

ಮೊದಲು ಫೈರ್‌ವಾಲ್ ನೋಡಿ. ಮಾನಿಟರ್‌ಗೆ 3300 ಮತ್ತು 6789; ಐದೂ ಸರ್ವರ್‌ಗಳಿಗೆ 6800ರಿಂದ 7300 (ಹೊಸ ಆವೃತ್ತಿಗಳಲ್ಲಿ 7568ರವರೆಗೆ). ಹೆಚ್ಚಿನವರು ಮೊದಲೆರಡನ್ನು ತೆರೆದು ಕೈತೊಳೆದುಕೊಳ್ಳುತ್ತಾರೆ. ‘ಸೆಫ್ ಓಎಸ್‌ಡಿ ಡಂಪ್’ ಕೊಟ್ಟರೆ ಪ್ರತಿ ಓಎಸ್‌ಡಿಯ ವಿಳಾಸ, ಪೋರ್ಟ್ ಸಿಗುತ್ತವೆ. ಕ್ಲೈಂಟ್‌ನಿಂದ ನೆಟ್‌ಕ್ಯಾಟ್ (ಪೋರ್ಟ್ ತೆರೆದಿದೆಯೇ ಎಂದು ನೋಡುವ ಕಮಾಂಡ್) ಹಾಕಿ ಒಂದೊಂದನ್ನೂ ತಟ್ಟಿ ನೋಡಿ.

ಕೆಲವು ಸರ್ವರ್ ಮಾತ್ರ ಓಗೊಡದಿದ್ದರೆ ಅನುಮಾನ ವಾಪಸು ದಾರಿಯ ಮೇಲೆ. ಆ ಸರ್ವರ್‌ನಲ್ಲಿ ‘ಐಪಿ ರೂಟ್ ಗೆಟ್ 10.40.0.15’ ಕೊಡಿ (10.40.0.15ರ ಜಾಗದಲ್ಲಿ ನಿಮ್ಮ ಕ್ಲೈಂಟ್‌ನ ವಿಳಾಸ). ಉತ್ತರದಲ್ಲಿ ಮ್ಯಾನೇಜ್‌ಮೆಂಟ್ ಕಾರ್ಡಿನ ಹೆಸರು ಬಂದರೆ ಕಳ್ಳ ಸಿಕ್ಕ ಹಾಗೆ. ಪ್ಯಾಕೆಟ್ 10.20ರ ಕಾರ್ಡಿಗೆ ಬಂದು, ಉತ್ತರ ಡೀಫಾಲ್ಟ್ ಗೇಟ್‌ವೇ ಹಿಡಿದು ಬೇರೆ ಕಡೆ ಹೋಗುತ್ತಿದೆ. ಆರ್‌ಪಿ ಫಿಲ್ಟರ್ (ಪ್ಯಾಕೆಟ್ ಬಂದ ಕಾರ್ಡಿನಿಂದಲೇ ವಾಪಸು ದಾರಿ ಇದೆಯೇ ಎಂದು ನೋಡುವ ಕರ್ನಲ್ ಸೆಟ್ಟಿಂಗ್) 1ರಲ್ಲಿದ್ದರೆ ಒಳಬಂದ ಪ್ಯಾಕೆಟ್ಟನ್ನೇ ಕರ್ನಲ್ ಸದ್ದಿಲ್ಲದೆ ಎಸೆಯುತ್ತದೆ. ಐದೂ ಸರ್ವರ್‌ಗಳಲ್ಲಿ 10.40.0.0/24ಕ್ಕೆ 10.20ರ ಬದಿಯ ಗೇಟ್‌ವೇ ಮೂಲಕ ಸ್ಟ್ಯಾಟಿಕ್ ರೂಟ್ ಹಾಕಿ. ಎರಡನೇ ಡೀಫಾಲ್ಟ್ ಗೇಟ್‌ವೇ ಸೇರಿಸುವ ಹುಚ್ಚಿಗೆ ಹೋಗಬೇಡಿ. ರೂಟನ್ನು ನೆಟ್‌ವರ್ಕ್ ಸೆಟ್ಟಿಂಗ್ ಉಳಿಸಿಡುವ ನೆಟ್‌ಪ್ಲಾನ್ ಅಥವಾ ನೆಟ್‌ವರ್ಕ್ ಮ್ಯಾನೇಜರ್‌ನಲ್ಲೇ ಬರೆದಿಡಿ, ಇಲ್ಲವಾದರೆ ರೀಬೂಟ್ ಆದ ರಾತ್ರಿ ಮತ್ತೆ ಇದೇ ಕಥೆ.

ಪೋರ್ಟ್ ತೆರೆದಿದೆ, ರೂಟ್ ಸರಿಯಿದೆ, ಆದರೂ ನಿಲ್ಲುತ್ತದೆಯೇ? ಎಂಟಿಯು (ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ) ನೋಡಿ. ಎರಡೂ ತುದಿಯಲ್ಲಿ 9000 ಇದ್ದು ಫೈರ್‌ವಾಲ್‌ನಲ್ಲಿ 1500 ಇದ್ದರೆ ಸಣ್ಣ ಪ್ಯಾಕೆಟ್ ದಾಟುತ್ತದೆ, ದೊಡ್ಡದು ಸಾಯುತ್ತದೆ. ತುಂಡು ಮಾಡದಂತೆ ಹೇಳಿ 8972 ಬೈಟ್‌ನ ಪಿಂಗ್ ಕಳಿಸಿ. ಉಳಿದ 28 ಬೈಟ್ ಹೆಡರ್‌ಗಳದ್ದು.

ಪ್ರಶ್ನೆ: ಕ್ಲೈಂಟ್‌ಗಳಿಗೆ ಅಡ್ಮಿನ್ ಕೀರಿಂಗ್ ಫೈಲನ್ನೇ (ಸೆಫ್‌ಗೆ ಲಾಗಿನ್ ಆಗುವ ಗುಪ್ತ ಕೀ ಇರುವ ಫೈಲ್) ಕಾಪಿ ಮಾಡಿದ್ದೇವೆ. ತೊಂದರೆ ಇದೆಯೇ?

ಉತ್ತರ: ಇದೆ. ಆ ಕೀ ಇದ್ದವರು ಪೂಲ್‌ಗಳನ್ನೇ (ಇಮೇಜ್‌ಗಳನ್ನು ಇಡುವ ವಿಭಾಗಗಳು) ಅಳಿಸಬಹುದು. ಪ್ರತಿ ಕ್ಲೈಂಟ್‌ಗೂ ಬೇರೆ ಹೆಸರು ಕೊಟ್ಟು, ಮಾನಿಟರ್‌ಗೆ ‘ಪ್ರೊಫೈಲ್ ಆರ್‌ಬಿಡಿ’ (ಆರ್‌ಬಿಡಿ ಬಳಸಲು ಬೇಕಾದ ಹಕ್ಕುಗಳ ಸಿದ್ಧ ಕಟ್ಟು), ಓಎಸ್‌ಡಿಗೂ ಅದೇ, ಆದರೆ ಒಂದು ಪೂಲ್‌ಗೆ ಸೀಮಿತಗೊಳಿಸಿ ಕೀ ಮಾಡಿ. ಮಾನಿಟರ್‌ಗೆ ಬರೀ ಓದುವ ಹಕ್ಕು ಕೊಟ್ಟರೆ ಸಾಲದು: ಕ್ಲೈಂಟ್ ಕ್ರ್ಯಾಶ್ ಆದಾಗ ಹಳೆಯ ಲಾಕ್ ಮುರಿಯಲು ಹಳೆಯ ಸಂಪರ್ಕವನ್ನು ಬ್ಲಾಕ್‌ಲಿಸ್ಟ್ ಮಾಡಬೇಕಾಗುತ್ತದೆ, ಆ ಹಕ್ಕು ಪ್ರೊಫೈಲ್‌ನಲ್ಲಿದೆ. ಕೀ ಫೈಲಿನ ಪರ್ಮಿಷನ್ 600 ಇರಲಿ.