ದೇವರು ಹಿಂದೆ ಮಾಡಿದ ಉಪಕಾರವನ್ನು ಕ್ರೈಸ್ತರು ಮತ್ತೆ ಮತ್ತೆ ನೆನೆಯುವುದು ಯಾಕೆ?

ನಾಳೆಗೆ ಧೈರ್ಯ ಬೇಕಲ್ವಾ, ಅದಕ್ಕೆ. ಕಷ್ಟ ಬಂದಾಗ ಮನಸ್ಸಿಗೆ ಕಾಣುವುದು ಆ ಕಷ್ಟ ಒಂದೇ. ಅಂದು ಕೈಬಿಡದ ದೇವರು ಇಂದೂ ಬಿಡುವುದಿಲ್ಲ ಎಂಬ ನಂಬಿಕೆ ಸುಮ್ನೆ ಹುಟ್ಟುವುದಿಲ್ಲ. ನಡೆದದ್ದನ್ನು ಬಾಯಿಬಿಟ್ಟು ಹೇಳಬೇಕು.

ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ನೋಡಿ. ರೈತ ಮೊದಲ ಬೆಳೆಯನ್ನು ಬುಟ್ಟಿಯಲ್ಲಿ ತಂದು ಒಪ್ಪಿಸಿದರೆ ಸಾಲದು. ಈಜಿಪ್ಟಿನ ಗುಲಾಮಗಿರಿಯಿಂದ ದೇವರು ಬಿಡಿಸಿದ ಕಥೆಯನ್ನೂ ಹೇಳಬೇಕು. ಅದೂ ‘ನಮ್ಮನ್ನು’ ಬಿಡಿಸಿದರು ಅಂತ. ಬಿಡುಗಡೆಯಾಗಿ ಎಷ್ಟೋ ತಲೆಮಾರು ಕಳೆದಿದ್ದರೂ ಮಾತು ‘ನಮ್ಮನ್ನು’ ಅಂತಲೇ. ನನಗೆ ತುಂಬಾ ಹತ್ತಿರವಾದ ಭಾಗ ಅದು.

ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು, ಅಂದರೆ ಮಾತೆ ಮರಿಯಳ ಜನ್ಮದಿನದ ಹೊಸ ಬೆಳೆಯ ಹಬ್ಬದಂದು, ಇದೇ ಕಾಣುತ್ತದೆ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಕಾಳು ಸುಲಿದು, ಹಾಲಿಗೆ ಹಾಕಿ, ಪ್ರಾರ್ಥನೆ ಮಾಡಿ ಎಲ್ಲರಿಗೂ ಕೊಡುತ್ತಾರೆ. ಗದ್ದೆ ಹೋಗಿ ಫ್ಲಾಟಿಗೆ ಬಂದವರೂ ಇದನ್ನು ಬಿಟ್ಟಿಲ್ಲ. ನಮ್ಮಲ್ಲಿ ಆ ಹಾಲಿನ ಲೋಟ ಕೈಗೆ ಬಂದಾಗ ಒಬ್ಬೊಬ್ಬರೂ ಒಂದು ಉಪಕಾರ ಹೇಳಬೇಕು. ಅಪ್ಪನ ಆಪರೇಷನ್ ಹೊತ್ತಿಗೆ ರಾತ್ರಿ ಬಂದು ರಕ್ತ ಕೊಟ್ಟ ಪಕ್ಕದ ಮನೆಯ ಹುಡುಗನ ಹೆಸರು ಪ್ರತಿ ವರ್ಷ ಬರುತ್ತದೆ. ಅಮ್ಮ ಈಗಲೂ ಅಲ್ಲಿ ಒಂದು ಗಳಿಗೆ ಸುಮ್ಮನಾಗುತ್ತಾರೆ.