ಪ್ರತಿಕ್ರಿಯೆ: 1903ರ ಡೈರಿಯ ‘ಸೇತುವೆ ತೆಗೆದಿತ್ತು’

ನೀವು ಹೇಳಿದ 1903ರ ಡೈರಿಯಲ್ಲಿ ನಿಮ್ಮ ಮುತ್ತಜ್ಜ ಕಲ್ಕತ್ತೆಯಲ್ಲಿ ‘ಸೇತುವೆ ತೆಗೆದಿತ್ತು, ಹೌರಾದ ರೈಲು ತಪ್ಪಿತು’ ಅಂತ ಬರೆದದ್ದು ಸೇತುವೆ ಕಿತ್ತುಹಾಕಿದ್ದಕ್ಕಲ್ಲ, ಹಡಗಿಗೆ ದಾರಿ ಬಿಡಲು ನಡುಭಾಗ ಸರಿಸಿದ್ದಕ್ಕಿರಬೇಕು. ಹೌರಾ ನಿಲ್ದಾಣ ಹೂಗ್ಲಿ ನದಿಯ ಆಚೆ ದಡದಲ್ಲಿ, ಕಲ್ಕತ್ತೆಯಿಂದ ಸೇತುವೆ ದಾಟಿಯೇ ಹೋಗಬೇಕಿತ್ತು. ಈಗಿನ ಹೌರಾ ಸೇತುವೆ ಬಂದದ್ದು 1943ರಲ್ಲಿ. ಅದಕ್ಕೂ ಮುಂಚೆ, 1874ರಿಂದ, ಹೂಗ್ಲಿ ಮೇಲೆ ಇದ್ದದ್ದು ತೇಲುವ ಸೇತುವೆ: ಲಂಗರು ಹಾಕಿದ ಪಾಂಟೂನುಗಳ (ಚಪ್ಪಟೆ ತೇಲುದೋಣಿಗಳ) ಸಾಲು, ಮೇಲೆ ಹಾಸು. ಹಡಗು ಬಂದರೆ ನಡುವಿನ 200 ಅಡಿ ಬಿಚ್ಚಿ ಪಕ್ಕಕ್ಕೆ. ಗಾಡಿ, ಎತ್ತು, ಜನ ಎಲ್ಲ ನಿಂತಲ್ಲೇ. ಅವಸರವಿದ್ದವರಿಗೆ ದೋಣಿಯೇ ಗತಿ!

ಮೊದಲು ಆ ದಿನದ ರೈಲಿನ ಹೊತ್ತು ನೋಡಿ. 1906ರವರೆಗೆ ಸೇತುವೆ ತೆಗೆಯುತ್ತಿದ್ದದ್ದು ಹಗಲಲ್ಲಿ, ಹಗಲಿನ ರೈಲಾದರೆ ನನ್ನ ಊಹೆ ಗಟ್ಟಿ. ಆಮೇಲೆ ಖರ್ಚಿನ ಪುಟದಲ್ಲಿ ‘ಘಾಟ್’ (ದೋಣಿ ಹತ್ತುವ ಕಟ್ಟೆ), ‘ದೋಣಿ’ ಹುಡುಕಿ. ರಾತ್ರಿ ರೈಲಾಗಿದ್ದರೆ ಕಾರಣ ಬೇರೆ ಇರಬಹುದು, ಆ ಪುಟದ ಫೋಟೊ ಹಾಕಿ.